ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆದ ಮೇಲೆ ವೈಫೈ ಆಗಾಗ ನಿಲ್ಲುತ್ತಿದೆ, ಆದರೆ ಸಿಗ್ನಲ್ ಪೂರ್ತಿ ಇದೆ

ಪುಟವಿನ್ಯಾಸ

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದಲೇ ಪುಸ್ತಕಗಳ ಡಿಟಿಪಿ ಮಾಡುತ್ತೇನೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದ್ದರೂ ನಡೆಯುತ್ತಿರುವುದನ್ನು ಯಾಕೆ ಕೆದಕಬೇಕೆಂದು ಸುಮ್ಮನಿದ್ದೆ. ಕಡೆಗೆ ಮಗನ ಒತ್ತಾಯಕ್ಕೆ ಮಣಿದು ಇತ್ತೀಚೆಗೆ 11ಕ್ಕೆ ಅಪ್‌ಗ್ರೇಡ್ ಮಾಡಿದೆ. ಲ್ಯಾಪ್‌ಟಾಪ್ 2019ರದ್ದು. ಕನ್ನಡ ಬರೆಯುವ ನುಡಿ ತಂತ್ರಾಂಶ ತೆರೆಯುತ್ತದೆ, ಫಾಂಟ್‌ಗಳು ಇದ್ದಲ್ಲೇ ಇವೆ, ಪ್ರಿಂಟರ್ ಕೂಡ ಹೇಳಿದ ಮಾತು ಕೇಳುತ್ತದೆ. ಕೈಕೊಟ್ಟಿರುವುದು ವೈಫೈ ಮಾತ್ರ.

ಚೆನ್ನಾಗಿ ನಡೆಯುತ್ತಿರುವಾಗಲೇ ಇಂಟರ್ನೆಟ್ ತೆವಳಲು ತೊಡಗುತ್ತದೆ. ಪುಟಗಳು ತೆರೆಯುವುದಿಲ್ಲ, ಮುದ್ರಣಾಲಯಕ್ಕೆ ಕಳಿಸುತ್ತಿದ್ದ ಫೈಲ್ ಅರ್ಧದಲ್ಲಿ ನಿಲ್ಲುತ್ತದೆ. ಐದು ನಿಮಿಷವೋ ಹತ್ತು ನಿಮಿಷವೋ ಹೀಗೆ ಇದ್ದು ತಾನಾಗಿಯೇ ಸರಿಹೋಗುತ್ತದೆ. ಅಷ್ಟು ಹೊತ್ತೂ ಮೂಲೆಯ ವೈಫೈ ಗುರುತಿನಲ್ಲಿ ಗೆರೆಗಳು ಪೂರ್ತಿ ಇರುತ್ತವೆ. ಅದೇ ಮೇಜಿನ ಮೇಲಿರುವ ಮೊಬೈಲಿನಲ್ಲಿ ಏನೂ ತೊಂದರೆಯಿಲ್ಲ. ರೌಟರ್ ಪಡಸಾಲೆಯಲ್ಲಿದೆ, ನನ್ನ ಕೋಣೆಗೂ ಅದಕ್ಕೂ ನಡುವೆ ಒಂದೇ ಗೋಡೆ. ರೌಟರನ್ನು ಆರಿಸಿ ಹಾಕಿದ್ದಾಯಿತು, ಪಾಸ್‌ವರ್ಡ್ ಅಳಿಸಿ ಮತ್ತೆ ಕೊಟ್ಟಿದ್ದಾಯಿತು. ಇಂಟರ್ನೆಟ್ ಕಂಪನಿಯವರು ಬಂದು ತಮ್ಮ ಮೊಬೈಲಿನಲ್ಲಿ ವೇಗ ನೋಡಿ, ನಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ ಎಂದು ಹೇಳಿ ಹೋದರು.

ಅಪ್‌ಗ್ರೇಡ್ ಆದ ಮೇಲೆ ಲ್ಯಾಪ್‌ಟಾಪ್ ಕೂಡ ಸ್ವಲ್ಪ ನಿಧಾನವಾಗಿದೆಯೋ ಏನೋ, ಕೆಲವೊಮ್ಮೆ ಮೌಸ್ ಬಾಣ ಸಹ ತಡೆತಡೆದು ಓಡುತ್ತದೆ. ವಿಂಡೋಸ್ 10ಕ್ಕೆ ಹಿಂದಿರುಗುವುದೇ ವಾಸಿಯೇ?

ಸಂಜೆಮಳೆ

ಮೇಡಂ, ಸೆಟ್ಟಿಂಗ್ಸ್ ಒಳಗೆ ನೆಟ್‌ವರ್ಕ್ ರಿಸೆಟ್ ಇದೆ, ಒತ್ತಿಬಿಡಿ. ಅದರಿಂದಲೂ ಆಗದಿದ್ದರೆ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಸಿ. ಹಳೆಯದರ ಮೇಲೆ ಹೊಸದನ್ನು ಹೇರಿದರೆ ಹೀಗೇ ಆಗುವುದು.

ಹಳೆಯತಂತಿ

ದಯವಿಟ್ಟು ಈಗಲೇ ಏನನ್ನೂ ಒತ್ತಬೇಡಿ. ನೆಟ್‌ವರ್ಕ್ ರಿಸೆಟ್ ಎಂಬ ಗುಂಡಿಯ ಮೇಲೆ ನಮ್ಮವರಿಗೆ ಯಾಕಿಷ್ಟು ಮೋಹವೋ ತಿಳಿಯದು. ಅದು ಅಡಾಪ್ಟರುಗಳನ್ನೆಲ್ಲ, ಅಂದರೆ ಲ್ಯಾಪ್‌ಟಾಪನ್ನು ನೆಟ್‌ವರ್ಕಿಗೆ ಸೇರಿಸುವ ಭಾಗಗಳನ್ನೆಲ್ಲ, ತೆಗೆದು ಮತ್ತೆ ಕೂರಿಸುತ್ತದೆ, ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಅಳಿಸುತ್ತದೆ, ವಿಪಿಎನ್ ಇದ್ದರೆ ಅದನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಕೆಲವೊಮ್ಮೆ ಅದರಿಂದ ಸರಿಹೋಗುತ್ತದೆ ನಿಜ, ಆದರೆ ಯಾಕೆ ಸರಿಹೋಯಿತೆಂದು ತಿಳಿಯುವುದಿಲ್ಲ. ಹಾಗಾಗಿ ಮರುಕಳಿಸಿದಾಗ ಮತ್ತೆ ಮೊದಲಿನಿಂದ ಹುಡುಕಬೇಕು. ಇನ್ನು ಹಿಂದಿರುಗುವ ವಿಚಾರ: ಅಪ್‌ಗ್ರೇಡ್ ಆದ 10 ದಿನಗಳೊಳಗೆ ‘ಗೋ ಬ್ಯಾಕ್’ ಸೌಲಭ್ಯ ಇರುತ್ತದೆ. ಆದರೆ ಬೆಂಬಲ ಮುಗಿದ ವ್ಯವಸ್ಥೆಗೆ ವೈಫೈ ಸಲುವಾಗಿ ಮರಳುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಹರಿದಿರುವುದು ಎಲ್ಲಿ ಎಂಬುದನ್ನು ನೋಡೋಣ. ಲ್ಯಾಪ್‌ಟಾಪಿನಿಂದ ರೌಟರ್‌ವರೆಗಿನದು ಒಂದು ದಾರಿ, ರೌಟರಿನಿಂದ ಹೊರಗಿನದು ಇನ್ನೊಂದು ದಾರಿ. ಕಮಾಂಡ್ ಪ್ರಾಂಪ್ಟ್ (ಆದೇಶ ಬರೆಯುವ ಕಿಟಕಿ) ತೆರೆದು ‘ಐಪಿಕಾನ್ಫಿಗ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಎಂಟರ್ ಒತ್ತಿದರೆ ‘ಡಿಫಾಲ್ಟ್ ಗೇಟ್‌ವೇ’ ಎಂಬ ಸಾಲಿನಲ್ಲಿ ರೌಟರಿನ ವಿಳಾಸ ಕಾಣುತ್ತದೆ, ಸಾಮಾನ್ಯವಾಗಿ 192.168.1.1 ಅಥವಾ ಅದರ ಹತ್ತಿರದ್ದು. ಎರಡು ಕಿಟಕಿ ತೆರೆದು ಒಂದರಲ್ಲಿ ಆ ವಿಳಾಸಕ್ಕೆ, ಇನ್ನೊಂದರಲ್ಲಿ ಹೊರಗಿನ ವಿಳಾಸವಾದ 8.8.8.8ಕ್ಕೆ ಪಿಂಗ್ ಕೊಡಿ. ಪಿಂಗ್ ಎಂದರೆ ಆ ವಿಳಾಸದಿಂದ ಉತ್ತರ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವ ಆದೇಶ, ‘ಪಿಂಗ್’ ಎಂದು ಇಂಗ್ಲಿಷ್‌ನಲ್ಲಿ ಬರೆದು ಜಾಗ ಬಿಟ್ಟು ವಿಳಾಸ ಬರೆಯಬೇಕು. ವಿಳಾಸದ ನಂತರ ಜಾಗ ಬಿಟ್ಟು ಅಡ್ಡಗೆರೆ (-) ಮತ್ತು ಅದಕ್ಕೆ ತಾಗಿದಂತೆ ಇಂಗ್ಲಿಷ್ ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವವರೆಗೂ ಅದು ಓಡುತ್ತಲೇ ಇರುತ್ತದೆ. ತೊಂದರೆ ಬಂದ ಹೊತ್ತಿನಲ್ಲಿ ಎರಡೂ ಕಿಟಕಿಗಳಲ್ಲಿ ಏನಿದೆ ಎಂದು ಹೇಳಿ. ಮೊದಲ ಕಿಟಕಿ ಸರಿಯಿದ್ದು ಎರಡನೆಯದು ಮಾತ್ರ ಕೆಟ್ಟರೆ ಲ್ಯಾಪ್‌ಟಾಪಿನ ತಂಟೆಗೇ ಹೋಗಬೇಡಿ.

ಹಾಗೆಯೇ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅಲ್ಲಿ ವೈಫೈ, ಅದರೊಳಗೆ ನಿಮ್ಮ ಸಂಪರ್ಕದ ಪ್ರಾಪರ್ಟೀಸ್ ನೋಡಿ. ಬ್ಯಾಂಡ್ (ವೈಫೈ ಬಳಸುವ ತರಂಗಾಂತರದ ಪಟ್ಟಿ), ಚಾನೆಲ್ (ಆ ಪಟ್ಟಿಯೊಳಗಿನ ಒಂದು ಭಾಗ), ಲಿಂಕ್ ಸ್ಪೀಡ್ (ರೌಟರಿನೊಂದಿಗಿನ ಸಂಪರ್ಕದ ವೇಗ) ಅಲ್ಲಿ ಇರುತ್ತವೆ. ಸರಿಯಿದ್ದಾಗ ಒಮ್ಮೆ, ಕೆಟ್ಟಾಗ ಒಮ್ಮೆ ಬರೆದುಕೊಳ್ಳಿ.

ಇನ್ನೊಂದು ಪ್ರಶ್ನೆ, ಇದು ಮುಖ್ಯ. ನಿಮ್ಮ ಮೌಸ್ ತಂತಿಯಿಲ್ಲದ್ದೇ? ಅದರ ಪುಟ್ಟ ರಿಸೀವರ್ ಯಾವ ಪೋರ್ಟಿನಲ್ಲಿದೆ? ಅದರ ಪಕ್ಕದ ಪೋರ್ಟಿನಲ್ಲಿ ಏನಿದೆ?

ಕಡಲತಡಿ

ನನ್ನದೂ ಇದೇ ಕಥೆ. 11ಕ್ಕೆ ಬಂದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ವೈಫೈ ಸಂಪರ್ಕವೇ ಇರುವುದಿಲ್ಲ. ಆರಿಸಿ ಹಾಕಿದರೆ ಬರುತ್ತದೆ. ನಾನೂ ಪಿಂಗ್ ಮಾಡಲೇ?

ಹಳೆಯತಂತಿ

ನಿಮ್ಮದು ಇದೇ ಕಥೆಯಲ್ಲ ಸರ್. ಅವರಲ್ಲಿ ಸಂಪರ್ಕ ಇದ್ದೂ ಇಲ್ಲದಂತಾಗಿದೆ, ನಿಮ್ಮಲ್ಲಿ ಸಂಪರ್ಕವೇ ಕಡಿಯುತ್ತಿದೆ. ನಿದ್ದೆಯಿಂದ ಎದ್ದ ಮೇಲೆ ಮಾತ್ರ ಹೀಗಾಗುವುದಾದರೆ ಮೊದಲ ಅನುಮಾನ ವಿದ್ಯುತ್ ಉಳಿತಾಯದ ಮೇಲೆ. ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರಿನ ಪ್ರಾಪರ್ಟೀಸ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ. ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದೆಂದು ಕಂಪ್ಯೂಟರಿಗೆ ಅನುಮತಿ ಕೊಡುವ ಗುರುತು ಅಲ್ಲಿರುತ್ತದೆ, ಅದನ್ನು ತೆಗೆಯಿರಿ. ಅಡಾಪ್ಟರನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಹೊಸದು ಬಂದಾಗ ಆ ಗುರುತು ಮತ್ತೆ ಬೀಳುವುದುಂಟು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಪುಟವೇ ಇರುವುದಿಲ್ಲ. ಹಾಗಿದ್ದರೆ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿ ಸಂಖ್ಯೆ ಕೊಟ್ಟು ವಿಂಡೋಸ್ 11ರ ವೈಫೈ ಡ್ರೈವರ್ ಇಳಿಸಿಕೊಳ್ಳಿ. ಡ್ರೈವರುಗಳನ್ನು ತಾನೇ ಹುಡುಕಿ ಹಾಕಿಕೊಡುತ್ತೇನೆ ಎನ್ನುವ ಉಚಿತ ತಂತ್ರಾಂಶಗಳ ಗೊಡವೆ ಬೇಡ.

ಪುಟವಿನ್ಯಾಸ

ಸರ್, ನೀವು ಹೇಳಿದಂತೆ ಮಾಡಿದೆ. ತೊಂದರೆ ಬಂದಾಗ ಎರಡೂ ಕಿಟಕಿಗಳು ಕೆಡುತ್ತವೆ. ರೌಟರಿಗೆ ಕೊಟ್ಟ ಪಿಂಗ್ ಸಾಮಾನ್ಯವಾಗಿ 2, 3 ಮಿಲಿಸೆಕೆಂಡ್ ತೋರಿಸುತ್ತಿರುತ್ತದೆ. ಕೆಟ್ಟಾಗ 400, 900 ಎಂದೆಲ್ಲ ಏರಿ ಮಧ್ಯೆ ಮಧ್ಯೆ ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎನ್ನುತ್ತದೆ. ಬ್ಯಾಂಡ್ 2.4 ಗಿಗಾಹರ್ಟ್ಸ್, ಚಾನೆಲ್ 6. ಲಿಂಕ್ ಸ್ಪೀಡ್ ಚೆನ್ನಾಗಿದ್ದಾಗ ಸೆಕೆಂಡಿಗೆ 144 ಮೆಗಾಬಿಟ್, ಕೆಟ್ಟಾಗ 26ಕ್ಕೆ ಇಳಿದಿತ್ತು. ಸಿಗ್ನಲ್ ಗೆರೆಗಳು ಮಾತ್ರ ಕದಲಿಲ್ಲ.

ಮೌಸ್ ತಂತಿಯಿಲ್ಲದ್ದು. ರಿಸೀವರ್ ಎಡಬದಿಯ ಪೋರ್ಟಿನಲ್ಲಿದೆ. ಅದರ ಪಕ್ಕದಲ್ಲಿ ಹೊರಗಿನ ಹಾರ್ಡ್‌ಡಿಸ್ಕ್ ಇದೆ. ಅಪ್‌ಗ್ರೇಡ್‌ಗೆ ಮೊದಲು ಎಲ್ಲ ಪುಸ್ತಕಗಳ ನಕಲು ಇಟ್ಟುಕೊಳ್ಳಲೆಂದು ಕೊಂಡದ್ದು. ಈಗ ತಾನಾಗಿಯೇ ನಕಲು ತೆಗೆಯುವ ವಿಂಡೋಸ್‌ನ ಫೈಲ್ ಹಿಸ್ಟರಿ ಹಚ್ಚಿ ಅದನ್ನು ಅಲ್ಲೇ ಬಿಟ್ಟಿದ್ದೇನೆ. ಆದರೆ ಡಿಸ್ಕ್‌ಗೂ ವೈಫೈಗೂ ಏನು ಸಂಬಂಧ?

ಹಳೆಯತಂತಿ

ಸಂಬಂಧ ಇದೆ ಮೇಡಂ, ಹತ್ತಿರದ್ದೇ ಇದೆ.

ಸಿಗ್ನಲ್ ಗೆರೆಗಳು ಹೇಳುವುದು ರೌಟರಿನ ಧ್ವನಿ ಎಷ್ಟು ಜೋರಾಗಿ ಬಂದು ತಲುಪುತ್ತಿದೆ ಎಂಬುದನ್ನು ಮಾತ್ರ. ಸುತ್ತಲಿನ ಗದ್ದಲ ಎಷ್ಟಿದೆ ಎಂಬುದನ್ನು ಅವು ಹೇಳುವುದಿಲ್ಲ. ಮದುವೆ ಮನೆಯಲ್ಲಿ ವಾಲಗದ ಪಕ್ಕ ಕುಳಿತವರಿಗೆ ಎದುರಿನವರು ಎಷ್ಟು ಗಟ್ಟಿಯಾಗಿ ಕೂಗಿದರೂ ಅರ್ಧ ಮಾತು ಹೋಗುತ್ತದಲ್ಲ, ಹಾಗೆ. ಕಳೆದುಹೋದ ತುಣುಕುಗಳನ್ನು ಅಡಾಪ್ಟರ್ ಮತ್ತೆ ಮತ್ತೆ ಕೇಳಿ ಪಡೆಯುತ್ತದೆ, ಅದಕ್ಕೇ ಪಿಂಗ್ 900ಕ್ಕೆ ಏರುವುದು. ತಪ್ಪು ಕಡಿಮೆಯಾಗಲಿ ಎಂದು ವೇಗ ತಗ್ಗಿಸುತ್ತದೆ, ಅದಕ್ಕೇ 144 ಇದ್ದದ್ದು 26 ಆದದ್ದು. ಸಂಪರ್ಕ ಕಡಿಯದ ಕಾರಣ ವಿಂಡೋಸ್ ಯಾವ ದೂರನ್ನೂ ತೋರಿಸುವುದಿಲ್ಲ.

ಗದ್ದಲ ಮಾಡುತ್ತಿರುವುದು ಬಹುತೇಕ ಆ ಡಿಸ್ಕ್. ಯುಎಸ್‌ಬಿ 3.0 ತಂತಿಯಲ್ಲಿ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುತ್ತದೆ. ಆ ಹರಿವಿನಿಂದ ಏಳುವ ರೇಡಿಯೋ ಗದ್ದಲ ವಿಶಾಲವಾಗಿ ಹರಡಿ 2.4 ಗಿಗಾಹರ್ಟ್ಸ್‌ನ ಮೇಲೂ ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಈ ಬಗ್ಗೆ ತಾಂತ್ರಿಕ ಪ್ರಬಂಧ ಪ್ರಕಟಿಸಿತ್ತು. ಡಿಸ್ಕ್ ಜೋಡಿಸಿದಾಗ ಹತ್ತಿರದಲ್ಲಿ ಗದ್ದಲದ ಮಟ್ಟ ಸುಮಾರು 20 ಡೆಸಿಬಲ್‌ನಷ್ಟು ಏರುವುದನ್ನು ಅದರಲ್ಲಿ ತೋರಿಸಿದ್ದಾರೆ. 20 ಡೆಸಿಬಲ್ ಎಂದರೆ ನೂರು ಪಟ್ಟು. ತೊಂದರೆ ಡಿಸ್ಕಿನಿಂದ, ಅದರ ತಂತಿಯಿಂದ, ಪೋರ್ಟಿನಿಂದ, ಮೂರರಿಂದಲೂ ಬರಬಹುದು.

ನನಗೆ ಸುಳಿವು ಕೊಟ್ಟದ್ದು ನಿಮ್ಮ ಮೌಸ್. ತಂತಿಯಿಲ್ಲದ ಮೌಸ್‌ಗಳ ರಿಸೀವರ್ ಕೂಡ ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲೇ. ವೈಫೈ ಮತ್ತು ಮೌಸ್ ಒಟ್ಟಿಗೇ ತಡವರಿಸುತ್ತವೆ ಎಂದರೆ ಆ ತರಂಗಾಂತರವೇ ಕಿಕ್ಕಿರಿದಿದೆ ಎಂದರ್ಥ. ಲ್ಯಾಪ್‌ಟಾಪ್ ನಿಧಾನವಾದದ್ದಲ್ಲ. ಇನ್ನು ಐದು ಹತ್ತು ನಿಮಿಷ ಕಾಡಿ ಸರಿಹೋಗುವುದು ಏಕೆ ಎಂದರೆ, ಫೈಲ್ ಹಿಸ್ಟರಿ ನಾವು ಬದಲಿಸದಿದ್ದರೆ ಗಂಟೆಗೊಮ್ಮೆ ನಕಲು ತೆಗೆಯುತ್ತದೆ. ನಿಮ್ಮ ಪುಟಗಳಲ್ಲಿ ಚಿತ್ರಗಳು ಹೆಚ್ಚಿದ್ದಷ್ಟೂ ಆ ಹೊತ್ತು ಉದ್ದವಾಗುತ್ತದೆ.

ಇದು ನನ್ನ ಊಹೆ, ಪರೀಕ್ಷಿಸಿ ನೋಡಬೇಕು. ಡಿಸ್ಕನ್ನು ‘ಸೇಫ್ಲಿ ರಿಮೂವ್’ ಕೊಟ್ಟು ತೆಗೆದು, ಪಿಂಗ್ ಓಡಿಸುತ್ತಾ ಕೆಲಸ ಮಾಡಿ. ಆಮೇಲೆ ಡಿಸ್ಕ್ ಜೋಡಿಸಿ ದೊಡ್ಡದೊಂದು ಫೈಲ್ ಅದಕ್ಕೆ ನಕಲು ಮಾಡಿ. ನಕಲು ಶುರುವಾದೊಡನೆ ಪಿಂಗ್ ಏರಿ, ಮುಗಿದೊಡನೆ ಇಳಿದರೆ ಕಳ್ಳ ಸಿಕ್ಕಂತೆಯೇ.

ಸಂಜೆಮಳೆ

ಎಲ್ಲ ಸರಿ, ಆದರೆ ಒಂದು ಒಗಟು ಉಳಿಯಿತು. ಅವರು ಡಿಸ್ಕ್ ಕೊಂಡದ್ದು ಅಪ್‌ಗ್ರೇಡ್‌ಗೆ ಮೊದಲು. ಪೂರ್ತಿ ನಕಲು ತೆಗೆದದ್ದು ವಿಂಡೋಸ್ 10ರಲ್ಲಿ. ಆಗ ಯಾಕೆ ವೈಫೈ ಕೆಡಲಿಲ್ಲ? ನನ್ನ ಮಾತನ್ನು ತೆಗೆದುಹಾಕುವ ಮೊದಲು ಇದಕ್ಕೆ ಉತ್ತರ ಹೇಳಿ.

ಹಳೆಯತಂತಿ

ಒಳ್ಳೆಯ ಪ್ರಶ್ನೆ. ಆಗ ಅವರ ಲ್ಯಾಪ್‌ಟಾಪ್ 5 ಗಿಗಾಹರ್ಟ್ಸ್‌ನಲ್ಲಿತ್ತು ಎಂದು ನನ್ನ ಅನುಮಾನ. ಅಪ್‌ಗ್ರೇಡ್ ಸಮಯದಲ್ಲಿ ಅಡಾಪ್ಟರಿಗೆ ಹೊಸ ಡ್ರೈವರ್ ಬಂದರೆ ಹಳೆಯ ಹೊಂದಾಣಿಕೆಗಳು ಅಳಿಸಿಹೋಗಿ ಕಾರ್ಖಾನೆಯ ಸ್ಥಿತಿಗೆ ಮರಳುವುದುಂಟು. ಎರಡೂ ಬ್ಯಾಂಡ್‌ಗಳಿಗೆ ರೌಟರಿನಲ್ಲಿ ಒಂದೇ ಹೆಸರಿದ್ದರೆ ಆಯ್ಕೆ ಲ್ಯಾಪ್‌ಟಾಪಿನದು. ಗೋಡೆ ದಾಟಿ ಬರುವಾಗ 2.4 ಹೆಚ್ಚು ಗಟ್ಟಿಯಾಗಿ ಕೇಳಿಸುವುದರಿಂದ ಅದನ್ನೇ ಹಿಡಿದುಕೊಂಡಿರಬಹುದು. ಮೊಬೈಲ್ 5ರಲ್ಲಿ ಇದ್ದಿರಬೇಕು, ಅಲ್ಲದೆ ಅದು ಡಿಸ್ಕಿಗೆ ಅಂಟಿಕೊಂಡೂ ಇಲ್ಲ. ಮೇಡಂ, ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರಿನ ‘ಅಡ್ವಾನ್ಸ್ಡ್’ ಪುಟ ತೆರೆದು ‘ಪ್ರಿಫರ್ಡ್ ಬ್ಯಾಂಡ್’ ಎಂಬುದು ಇದೆಯೇ ನೋಡಿ. ಎಲ್ಲ ಅಡಾಪ್ಟರುಗಳಲ್ಲೂ ಇರುವುದಿಲ್ಲ.

ಪುಟವಿನ್ಯಾಸ

ನಂಬಲು ಕಷ್ಟವಾಯಿತು. ಡಿಸ್ಕ್ ತೆಗೆದಿಟ್ಟಾಗ ಬೆಳಗಿನಿಂದ ಮಧ್ಯಾಹ್ನದವರೆಗೆ ಒಮ್ಮೆಯೂ ನಿಲ್ಲಲಿಲ್ಲ. ಜೋಡಿಸಿ ನಕಲು ಶುರುಮಾಡಿದೊಡನೆ ಪಿಂಗ್ ಏರಿತು, ಮೌಸ್ ತಡವರಿಸಿತು. ನಕಲು ನಿಲ್ಲಿಸಿದೆ, ಎರಡೂ ಸರಿಯಾದವು. ಮನೆಯವರನ್ನು ಕರೆದು ತೋರಿಸಿದೆ.

‘ಪ್ರಿಫರ್ಡ್ ಬ್ಯಾಂಡ್’ ಇದೆ, ಅದರಲ್ಲಿ ‘ನೋ ಪ್ರಿಫರೆನ್ಸ್’ ಎಂದಿತ್ತು. ಮಗನಿಗೆ ಫೋನ್ ಮಾಡಿ ಕೇಳಿದೆ. ಲ್ಯಾಪ್‌ಟಾಪ್ ಕೊಂಡ ಹೊಸದರಲ್ಲಿ ಅವನೇ ಅಲ್ಲಿ 5 ಗಿಗಾಹರ್ಟ್ಸ್ ಎಂದು ಇಟ್ಟಿದ್ದನಂತೆ, ಮರೆತೂ ಬಿಟ್ಟಿದ್ದನಂತೆ. ಈಗ ಮತ್ತೆ ಹಾಗೇ ಇಟ್ಟೆ. ಲಿಂಕ್ ಸ್ಪೀಡ್ 866 ತೋರಿಸುತ್ತಿದೆ, ನಕಲು ನಡೆಯುವಾಗಲೂ ಪಿಂಗ್ 3 ದಾಟುವುದಿಲ್ಲ. ಮೌಸ್ ಮಾತ್ರ ಇನ್ನೂ ತಡೆಯುತ್ತದೆ. ಇನ್ನೊಂದು, ಹಿಂದಿನ ಅಡುಗೆಮನೆಗೆ ಲ್ಯಾಪ್‌ಟಾಪ್ ಒಯ್ದರೆ ಸಿಗ್ನಲ್ ಬಹಳ ಕಡಿಮೆ. ಅಲ್ಲಿಗೆ ದಪ್ಪ ಗೋಡೆಗಳು ಎರಡಿವೆ. ನಡುವೆ ಒಮ್ಮೆ ವೈಫೈ ಪೂರ್ತಿ ಹೋಗಿ ಒಂದು ನಿಮಿಷದ ಮೇಲೆ ಬಂತು, ಆಗ ಮೊಬೈಲಿನಲ್ಲೂ ಹೋಗಿತ್ತು.

ಹಳೆಯತಂತಿ

ಮೌಸಿನದು ಸುಲಭ. ರಿಸೀವರನ್ನು ಬಲಬದಿಯ ಪೋರ್ಟಿಗೆ ಹಾಕಿ. ಆ ಕಡೆ ಪೋರ್ಟ್ ಇಲ್ಲದಿದ್ದರೆ ಒಂದು ಚಿಕ್ಕ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿಯಲ್ಲಿ ಡಿಸ್ಕಿನಿಂದ ದೂರ ಇಡಿ. ಡಿಸ್ಕನ್ನು ಯುಎಸ್‌ಬಿ 2.0 ಪೋರ್ಟಿಗೆ ಹಾಕಿದರೂ ಈ ಗದ್ದಲ ನಿಲ್ಲುತ್ತದೆ. ಆದರೆ ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್, ನಕಲು ನಿಧಾನವಾಗುತ್ತದೆ. ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ನಕಲಾಗುವುದಕ್ಕೆ ಅಷ್ಟು ಸಾಕು.

ಅಡುಗೆಮನೆಯ ವಿಷಯದಲ್ಲಿ ರಾಜಿ ಮಾಡಿಕೊಳ್ಳಲೇಬೇಕು. 5 ಗಿಗಾಹರ್ಟ್ಸ್ ದಪ್ಪ ಗೋಡೆಗಳಲ್ಲಿ ಬೇಗ ಸೋಲುತ್ತದೆ. ನೀವು ಇಟ್ಟದ್ದು ಆದ್ಯತೆ ಮಾತ್ರ, ಕಟ್ಟುಪಾಡಲ್ಲ, ಆದ್ದರಿಂದ 5 ಪೂರ್ತಿ ಸಿಗದ ಕಡೆ ಅದು 2.4ಕ್ಕೆ ಇಳಿಯುತ್ತದೆ. ಇಳಿಯಲು ಸ್ವಲ್ಪ ಹಟ ಮಾಡಬಹುದು. ರೌಟರಿನಲ್ಲಿ ಎರಡು ಬ್ಯಾಂಡ್‌ಗಳಿಗೆ ಬೇರೆ ಬೇರೆ ಹೆಸರಿಟ್ಟರೆ ನೀವೇ ಆರಿಸಬಹುದು. ಅಡುಗೆಮನೆಗೆ ಡಿಸ್ಕ್ ಹೊತ್ತು ಹೋಗುವುದಿಲ್ಲವಾದ್ದರಿಂದ ಅಲ್ಲಿ 2.4 ಚೆನ್ನಾಗಿಯೇ ನಡೆಯುತ್ತದೆ. 2.4ಕ್ಕೆ ಚಾನೆಲ್ 1, 6, 11ರಲ್ಲಿ ಒಂದನ್ನೇ ಇಡಿ, ಅಗಲ 20 ಮೆಗಾಹರ್ಟ್ಸ್ ಸಾಕು.

ಆ ಒಂದು ನಿಮಿಷದ ಮಾಯ ಬೇರೆಯದೇ ಇರಬೇಕು, ಮೊಬೈಲಿನಲ್ಲೂ ಹೋಗಿದೆಯಲ್ಲ. ನಿಮ್ಮ 5 ಗಿಗಾಹರ್ಟ್ಸ್ ಚಾನೆಲ್ ಎಷ್ಟು? 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರುಗಳೂ ಬಳಸುತ್ತವೆ. ರೇಡಾರಿನಂತಹ ಸದ್ದು ಕೇಳಿದರೆ ರೌಟರ್ ಕೂಡಲೇ ಆ ಚಾನೆಲ್ ಬಿಟ್ಟು ಹೊರಡಬೇಕು. ಹೋಗುವ ಚಾನೆಲ್ಲೂ ಅದೇ ಗುಂಪಿನದಾದರೆ ಕನಿಷ್ಠ 60 ಸೆಕೆಂಡ್ ಸುಮ್ಮನೆ ಆಲಿಸಿ ಆಮೇಲೆ ಮಾತಾಡಬೇಕು. ನಮ್ಮಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್‌ನ ಬಹುಭಾಗವನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟ ಮೇಲೆ, ‘ಆಟೋ’ದಲ್ಲಿರುವ ರೌಟರುಗಳು ಅಲ್ಲಿಗೂ ಹೋಗಬಹುದು. ಚಾನೆಲನ್ನು 36, 40, 44, 48ರಲ್ಲಿ ಒಂದಕ್ಕೆ ಕಟ್ಟಿಹಾಕಿ.

ಪುಟವಿನ್ಯಾಸ

ಚಾನೆಲ್ 60 ಇತ್ತು. 36ಕ್ಕೆ ಇಟ್ಟ ಮೇಲೆ ಹಾಗೆ ಮಾಯವಾಗಿಲ್ಲ. ರಿಸೀವರನ್ನು ಬಲಕ್ಕೆ ಹಾಕಿದೆ, ಮೌಸ್ ಸರಾಗವಾಗಿದೆ. ಮುದ್ರಣಾಲಯಕ್ಕೆ ಫೈಲ್ ಒಂದೇ ಸಲಕ್ಕೆ ಹೋಯಿತು. ತುಂಬಾ ಧನ್ಯವಾದಗಳು ಸರ್.

ಕಡಲತಡಿ

ನನ್ನ ಲ್ಯಾಪ್‌ಟಾಪಿನಲ್ಲಿ ಆ ಪವರ್ ಮ್ಯಾನೇಜ್‌ಮೆಂಟ್ ಪುಟವೇ ಇಲ್ಲ. ತಯಾರಕರ ಡ್ರೈವರ್ ಹಾಕಿದೆ, ಈಗ ಅಪರೂಪಕ್ಕೆ ಮಾತ್ರ ಕಡಿಯುತ್ತದೆ, ಆದರೆ ಪೂರ್ತಿ ಹೋಗಿಲ್ಲ.

ಹಳೆಯತಂತಿ

ಹಾಗಾದರೆ ವಿಂಡೋಸ್ ತಾನೇ ಬರೆದಿಟ್ಟ ದಿನಚರಿ ನೋಡೋಣ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ನೆಟ್‌ಶ್ ಡಬ್ಲ್ಯುಲ್ಯಾನ್ ಷೋ ಡಬ್ಲ್ಯುಲ್ಯಾನ್‌ರಿಪೋರ್ಟ್’ ಎಂದು ಕೊಡಿ. ‘ನೆಟ್‌ಶ್’ನಲ್ಲಿ ನಾಲ್ಕನೆಯ ಅಕ್ಷರ ಎಸ್, ಐದನೆಯದು ಎಚ್. ಕೊನೆಯಲ್ಲಿ ಬರುವ ‘ಡಬ್ಲ್ಯುಲ್ಯಾನ್’ ಮತ್ತು ‘ರಿಪೋರ್ಟ್’ ನಡುವೆ ಜಾಗ ಬೇಡ. ಕಳೆದ ಮೂರು ದಿನಗಳ ವರದಿ ಒಂದು ಪುಟವಾಗಿ ತಯಾರಾಗಿ, ಎಲ್ಲಿ ಉಳಿಸಿದೆ ಎಂದೂ ತೋರಿಸುತ್ತದೆ. ಬ್ರೌಸರಿನಲ್ಲಿ ತೆರೆಯಿರಿ. ಸಂಪರ್ಕ ಕಡಿದ ಪ್ರತಿ ಸಲಕ್ಕೂ ಕಾರಣ ಬರೆದಿರುತ್ತದೆ. ಆ ಸಾಲುಗಳನ್ನು ಇಲ್ಲಿ ಹಾಕಿ. ಅದರಲ್ಲಿ ನಿಮ್ಮ ಅಡಾಪ್ಟರಿನ ಹಾರ್ಡ್‌ವೇರ್ ವಿಳಾಸ, ನೆಟ್‌ವರ್ಕ್ ಹೆಸರು ಎಲ್ಲ ಇರುತ್ತವೆ, ಅವನ್ನು ಮೊದಲು ಅಳಿಸಿಬಿಡಿ.