ಶೇಂಗಾ ಸಿಪ್ಪೆಯ ಇದ್ದಿಲನ್ನು ಆಯಸ್ಕಾಂತ ಸೆಳೆಯುತ್ತಿರುವುದು ಆಕ್ಸಿಜನ್‌ನಿಂದಲೇ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ):
ಚಳ್ಳಕೆರೆ ಕಡೆಯಿಂದ ತಂದ ಶೇಂಗಾ ಸಿಪ್ಪೆಯನ್ನು ಮುಚ್ಚಿದ ಮೂಸೆಯಲ್ಲಿ 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಇದ್ದಿಲು ಮಾಡಿ, ಗೂಯ್ ತಕ್ಕಡಿಯಲ್ಲಿ (ಕಾಂತಕ್ಷೇತ್ರದಲ್ಲಿ ತೂಕ ಎಷ್ಟು ಬದಲಾಗುತ್ತದೆಂದು ನೋಡುವ ತಕ್ಕಡಿ) ತೂಗಿದೆ. ಇಂಗಾಲ ಪ್ರತಿಕಾಂತೀಯ (ಆಯಸ್ಕಾಂತ ಮೆಲ್ಲಗೆ ಹೊರದೂಡುವಂಥದ್ದು) ಆದ್ದರಿಂದ ಕಾಂತಕ್ಷೇತ್ರದಲ್ಲಿ ತೂಕ ಇಳಿಯಬೇಕಿತ್ತು, ಬದಲಿಗೆ ಏರಿತು. ರಂಧ್ರಗಳಲ್ಲಿ ಅಧಿಶೋಷಿತವಾದ (ಮೇಲ್ಮೈಗೆ ಅಂಟಿಕೊಂಡ) ಆಕ್ಸಿಜನ್ ಇದಕ್ಕೆ ಕಾರಣವೆಂದು ಬರೆಯಬಹುದೇ?

ಉತ್ತರ 1:
ತರ್ಕವೇನೋ ಸರಿಯಾಗಿದೆ. ಆಕ್ಸಿಜನ್ ಅಣುವಿನಲ್ಲಿ ಎರಡು ಒಂಟಿ ಎಲೆಕ್ಟ್ರಾನ್‌ಗಳಿದ್ದು, ಕೋಣೆಯ ಉಷ್ಣತೆಯಲ್ಲಿ ಅದರ ಗ್ರಾಹ್ಯತೆ (ಕಾಂತಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆಂಬ ಅಳತೆ; ಧನವಾದರೆ ಸೆಳೆತ, ಋಣವಾದರೆ ವಿಕರ್ಷಣೆ) ಗ್ರಾಂಗೆ ಸುಮಾರು 108 × 10⁻⁶ ಸಿಜಿಎಸ್ ಏಕಮಾನ. ಇಂಗಾಲದ್ದು ಋಣ 0.5 × 10⁻⁶ರ ಆಸುಪಾಸು ಎಂದಿಟ್ಟುಕೊಂಡರೆ, ಒಂದು ಗ್ರಾಂ ಇದ್ದಿಲಿನ ವಿಕರ್ಷಣೆಯನ್ನು ಐದು ಮಿಲಿಗ್ರಾಂ ಆಕ್ಸಿಜನ್ನೇ ಸರಿದೂಗಿಸಿಬಿಡುತ್ತದೆ. ಆದರೆ ಹಾಗೆ ಎಣಿಸುವುದು ಅಣು ಅಣುವಾಗಿಯೇ ಉಳಿದು ಗೋಡೆಗೆ ಸುಮ್ಮನೆ ಅಂಟಿಕೊಂಡಿದ್ದರೆ ಮಾತ್ರ. ಇಂಗಾಲದೊಡನೆ ರಾಸಾಯನಿಕ ಬಂಧ ಕಟ್ಟಿಕೊಂಡ ಆಕ್ಸಿಜನ್‌ನ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಅನುಕಾಂತತೆ (ಒಂಟಿ ಎಲೆಕ್ಟ್ರಾನ್‌ಗಳಿಂದ ಬರುವ, ಆಯಸ್ಕಾಂತದತ್ತ ಸೆಳೆತ) ಹೋಗಿಬಿಡುತ್ತದೆ. ಅದನ್ನು ಕಾಯಿಸಿ ಹೊರಗೆಳೆದರೆ ಬರುವುದೂ ಆಕ್ಸಿಜನ್ ಅಲ್ಲ, ಕಾರ್ಬನ್ ಮೊನಾಕ್ಸೈಡ್ ಮತ್ತು ಡೈಆಕ್ಸೈಡ್.

ಉತ್ತರ 2 (ಚಿತ್ರದುರ್ಗ):
ಆಕ್ಸಿಜನ್ನಿಗೆ ಹೋಗುವ ಮೊದಲು ಮಣ್ಣನ್ನು ನೋಡಿ. ನಮ್ಮ ಕಡೆಯ ಶೇಂಗಾ ಸಿಪ್ಪೆಯ ಗೆರೆಗೆರೆಯಲ್ಲೂ ಕೆಮ್ಮಣ್ಣು ಕೂತಿರುತ್ತದೆ. ಅದರ ಹೆಮಟೈಟನ್ನು (ಕೆಂಪು ಬಣ್ಣದ ಕಬ್ಬಿಣದ ಆಕ್ಸೈಡನ್ನು) ಆಯಸ್ಕಾಂತ ಹೆಚ್ಚು ಸೆಳೆಯದಿದ್ದರೂ, ಮುಚ್ಚಿದ ಮೂಸೆಯಲ್ಲಿ ಇಂಗಾಲದ ಜೊತೆ ಕಾದಾಗ ಅದು ಅಪಕರ್ಷಣೆಗೊಂಡು (ಒಂದಷ್ಟು ಆಕ್ಸಿಜನ್ ಕಳೆದುಕೊಂಡು) ಆಯಸ್ಕಾಂತ ಬಲವಾಗಿ ಸೆಳೆಯುವ ಮ್ಯಾಗ್ನಟೈಟ್ ಆಗಬಲ್ಲದು. 10,000 ಅರ್ಸ್ಟೆಡ್ (ಕಾಂತಕ್ಷೇತ್ರದ ಏಕಮಾನ) ಕ್ಷೇತ್ರದಲ್ಲಿ ಗ್ರಾಂಗೆ 50–60 ಮೈಕ್ರೋಗ್ರಾಂ ಮ್ಯಾಗ್ನಟೈಟ್ ಇದ್ದರೂ ಇಂಗಾಲದ ಪ್ರತಿಕಾಂತತೆ ಮುಚ್ಚಿಹೋಗುತ್ತದೆ. ಕ್ಷೇತ್ರವನ್ನು ಬದಲಿಸುತ್ತಾ ತೂಗಿ. ಕ್ಷೇತ್ರ ಹೆಚ್ಚಿದಂತೆ ಲೆಕ್ಕಕ್ಕೆ ಸಿಗುವ ಗ್ರಾಹ್ಯತೆ ಕಡಿಮೆಯಾಗುತ್ತಾ ಹೋದರೆ ಕಬ್ಬಿಣದ ಕೈವಾಡವೆಂದೇ ತಿಳಿಯಿರಿ, ಏಕೆಂದರೆ ಆಕ್ಸಿಜನ್‌ನ ಗ್ರಾಹ್ಯತೆ ಈ ಕ್ಷೇತ್ರಗಳಲ್ಲಿ ಬದಲಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಕಾಗದದ ಮೇಲೆ ಪುಡಿ ಹರಡಿ ಅಡಿಯಲ್ಲಿ ಆಯಸ್ಕಾಂತ ಎಳೆದಾಗ ಕೆಲವು ಕಣಗಳು ಮುಳ್ಳಿನಂತೆ ಎದ್ದು ನಿಂತವು. ಸಿಪ್ಪೆಯನ್ನು ತೊಳೆಯದೆ ಸುಟ್ಟದ್ದು ನನ್ನದೇ ತಪ್ಪು. ಇದ್ದಿಲನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದಾಗ ಕಬ್ಬಿಣ ಕರಗಿ ಸೋಸಿದ ದ್ರವ ಹಳದಿಯಾಯಿತು. ಮೂರನೆಯ ಸಲ ನಿರ್ವರ್ಣವಾಗಿ ಬಂದಿದೆ. ಇನ್ನು ಇದನ್ನು ನಿರ್ವಾತದಲ್ಲಿ ಕಾಯಿಸಿ, ಕೊಳವೆಯನ್ನು ಮುದ್ರೆಮಾಡಿ ಒಮ್ಮೆ, ಆಕ್ಸಿಜನ್ ಒಳಗೆ ಬಿಟ್ಟು ಇನ್ನೊಮ್ಮೆ ತೂಗುತ್ತೇನೆ.

ಉತ್ತರ 1:
ಖಾಲಿ ಕೊಳವೆಯನ್ನೂ ಆಕ್ಸಿಜನ್ ತುಂಬಿ ತೂಗಿಕೊಳ್ಳಿ. ಕಣಗಳ ನಡುವಿನ ಅನಿಲವನ್ನು ಕಳೆಯದಿದ್ದರೆ ಅದೂ ಅಧಿಶೋಷಿತದ ಲೆಕ್ಕಕ್ಕೇ ಸೇರಿಬಿಡುತ್ತದೆ.