ಸಹಾಯ ಬೇಕು: ಗ್ರೀನ್‌ಲ್ಯಾಂಡಿಕ್ ಪ್ರತ್ಯಯಗಳ ಕ್ರಮ ತಿಳಿಯುತ್ತಿಲ್ಲ

ಭಾಷಾಶಾಸ್ತ್ರ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ. ಗ್ರೀನ್‌ಲ್ಯಾಂಡಿನ ಕಲಾಲ್ಲಿಸುತ್ (2009ರಿಂದ ಅಲ್ಲಿನ ಏಕೈಕ ಅಧಿಕೃತ ಭಾಷೆ) ಓದುತ್ತಾ ಪ್ರತ್ಯಯಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

‘ಇಲ್ಲು’ ಅಂದರೆ ಮನೆ. ಅದಕ್ಕೆ ‘ಮಾಡು, ಕಟ್ಟು’ ಅರ್ಥದ ‘ಲಿಯೊರ್’ ಹತ್ತಿ, ಕೊನೆಗೆ ‘ಅವನು, ಅವಳು’ ಎಂದು ಕರ್ತೃವನ್ನು ತೋರಿಸುವ ‘ಪೊಕ್’ ಬಂದರೆ ‘ಇಲ್ಲುಲಿಯೊರ್ಪೊಕ್’: ಅವನೋ ಅವಳೋ ಮನೆ ಕಟ್ಟುತ್ತಿದ್ದಾರೆ. ನಡುವೆ ‘ದೊಡ್ಡ’ ಅನ್ನುವ ಪ್ರತ್ಯಯ ತೂರಿಸಿದರೆ ‘ಇಲ್ಲೊರ್ಸುವಾಲಿಯೊರ್ಪೊಕ್’, ಕಟ್ಟುತ್ತಿರುವುದು ದೊಡ್ಡ ಮನೆ. ಇಡೀ ವಾಕ್ಯ ಒಂದೇ ಪದದಲ್ಲಿ ಮುಗಿಯಿತು! ಇನ್ನು ‘ಇರುವ’ ಅರ್ಥದ ‘ಕರ್’, ‘ಜಾಗ’ ಅರ್ಥದ ‘ಫಿಕ್’ ಸೇರಿದರೆ ‘ಇಲ್ಲೊಕರ್ಫಿಕ್’, ಮನೆಗಳಿರುವ ಜಾಗ, ಅಂದರೆ ಪಟ್ಟಣ. (‘ಕರ್’ನಲ್ಲಿರುವ ಗಂಟಲಾಳದ ‘ಕ’ ಮುಂದೆ ಬಂದಾಗ ‘ಉ’ ಹೋಗಿ ‘ಒ’ ಆಗುತ್ತದೆ. ನಮ್ಮ ಲಿಪಿಯಲ್ಲಿ ಆ ‘ಕ’ವನ್ನು ಬೇರೆಯಾಗಿ ತೋರಿಸಲು ಆಗುವುದಿಲ್ಲ, ಕ್ಷಮಿಸಿ.)

‘ಪ್ರೀತಿ’ಗೆ ‘ಇಸು’ ಹಚ್ಚಿ ಕ್ರಿಯಾಪದ ಮಾಡಿಕೊಳ್ಳುವ ನಮಗೆ ಇದು ತೀರಾ ಅಪರಿಚಿತವೇನಲ್ಲ. ಆದರೆ ನಾಮಪದ ಕ್ರಿಯಾಪದವಾಗಿ, ಮತ್ತೆ ನಾಮಪದವಾಗಿ ತಿರುಗುವ ಈ ಪರಿಗೆ ತಲೆ ಗಿರ್ ಅನ್ನುತ್ತದೆ.

ನನ್ನ ಪ್ರಶ್ನೆ ಇಷ್ಟು. ಪ್ರತಿ ಪ್ರತ್ಯಯವೂ ತನ್ನ ಎಡಗಡೆ ಇರುವುದಕ್ಕೆಲ್ಲ ಒಟ್ಟಾಗಿ ಅನ್ವಯಿಸುತ್ತದೆಯೇ? ಹಾಗಿದ್ದರೆ ‘ಆಗು, ಸಾಧ್ಯ’ ಅರ್ಥದ ‘ಸಿನ್ನಾ’ ಮತ್ತು ನಿಷೇಧದ ಪ್ರತ್ಯಯ ಅದಲು ಬದಲಾದರೆ ‘ಕಟ್ಟಲಾರ’ ಹೋಗಿ ‘ಕಟ್ಟದೇ ಇರಬಹುದು’ ಆಗುತ್ತದೆಯೇ? ಒಂದೆರಡು ಉದಾಹರಣೆ ಬಿಡಿಸಿ ತೋರಿಸಿದರೆ ಉಪಕಾರ. ಹೊಸಬರಿಗೆ ಹೊಂದುವ ವ್ಯಾಕರಣ ಪುಸ್ತಕ ಗೊತ್ತಿದ್ದರೆ ಅದನ್ನೂ ತಿಳಿಸಿ, ಇಂಗ್ಲಿಷಿನಲ್ಲಿದ್ದರೂ ಸರಿ. ಡ್ಯಾನಿಶ್ ಮಾತ್ರ ಬರುವುದಿಲ್ಲ.