ಕೈಗಡಿಯಾರದೊಳಗಿನ "ಕಲ್ಲು", "ಹರಳು", "ಮಣಿ": ಯಾವುದನ್ನು ಬಳಸೋಣ?

ಮಾನ್ಯ ಸದಸ್ಯರೇ,

ಕೆಲಸದ ನಿಮಿತ್ತ ಚೀನಾದ ತಿಯಾನ್‌ಜಿನ್ ನಗರದಲ್ಲಿದ್ದಾಗ, ಆ ದೇಶದ ಹಳೆಯ ಕೈಗಡಿಯಾರಗಳನ್ನು ಬಹುಕಾಲದಿಂದ ಸಂಗ್ರಹಿಸುತ್ತ ಬಂದಿರುವ ಹಿರಿಯರೊಬ್ಬರ ಮನೆಗೆ ಹೋಗುವ ಅವಕಾಶ ನನಗೆ ಒದಗಿತು. ಆ ಭೇಟಿಯನ್ನು ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಬರವಣಿಗೆ ಮೊದಲ ಪುಟವನ್ನು ದಾಟುವ ಮುನ್ನವೇ, ಗಡಿಯಾರದ ಯಂತ್ರದೊಳಗೆ ಕೂರಿಸುವ ಪುಟ್ಟ ಗಟ್ಟಿ ಕಲ್ಲುಗಳನ್ನು ಹೆಸರಿಸುವ ಒಂದು ಪದದ ಬಳಿ ನಿಂತುಹೋಗಿದೆ. ಅದನ್ನು ತಮ್ಮ ಮುಂದಿಟ್ಟು ಅಭಿಪ್ರಾಯ ಕೇಳಬೇಕೆಂದು ಈ ಪತ್ರ.

ಮೊದಲು ಸಂದರ್ಭವನ್ನು ಹೇಳುತ್ತೇನೆ. ಚೀನಾದಲ್ಲಿ ತಯಾರಾದ ಮೊದಲ ಕೈಗಡಿಯಾರ 1955ರ ಮಾರ್ಚ್ ತಿಂಗಳಲ್ಲಿ ಇದೇ ತಿಯಾನ್‌ಜಿನ್ನಿನ ಸಣ್ಣದೊಂದು ಕಾರ್ಯಾಗಾರದಲ್ಲಿ, ನಾಲ್ವರು ಕುಶಲಕರ್ಮಿಗಳ ಕೈಯಲ್ಲಿ ರೂಪುಗೊಂಡಿತು. ಅದಕ್ಕೆ ಅವರು ಇಟ್ಟ ಹೆಸರು "ವುಶಿಂಗ್", ಎಂದರೆ ಐದು ನಕ್ಷತ್ರ. ನಾನು ಕಂಡ ಸಂಗ್ರಹದಲ್ಲಿ ಅದು ಇರಲಿಲ್ಲ. ಆದರೆ ಅನಂತರದ ವರ್ಷಗಳಲ್ಲಿ ತಿಯಾನ್‌ಜಿನ್, ಶಾಂಘೈ, ಬೀಜಿಂಗ್ ಕಾರ್ಖಾನೆಗಳಿಂದ ಬಂದವು ಸಾಲುಸಾಲಾಗಿ ಇದ್ದವು. ಪೂರ್ತಿಯಾಗಿ ಚೀನೀಯರೇ ವಿನ್ಯಾಸ ಮಾಡಿದ ಯಂತ್ರವುಳ್ಳ, 1966ರಲ್ಲಿ ತಯಾರಾಗತೊಡಗಿದ "ದೊಂಗ್‌ಫಂಗ್", ಅಂದರೆ ಮೂಡಣ ಗಾಳಿ, ಎಂಬ ಗಡಿಯಾರವನ್ನು ಹಿರಿಯರು ಎಲ್ಲಕ್ಕಿಂತ ಮೊದಲು ನನ್ನ ಅಂಗೈಯಲ್ಲಿಟ್ಟರು. ಅದರ ಡಯಲ್ಲಿನ ಮೇಲೆ 19 ಎಂಬ ಅಂಕಿ, ಅದರ ಪಕ್ಕದಲ್ಲಿ ಒಂದು ಚೀನೀ ಅಕ್ಷರ ಇತ್ತು. ಬೇರೆ ಕೆಲವು ಗಡಿಯಾರಗಳ ಮೇಲೆ ಅದೇ ಪದವನ್ನು ರೋಮನ್ ಲಿಪಿಯಲ್ಲಿ ಅಚ್ಚು ಮಾಡಿದ್ದರು. ಪದ "ಝುವಾನ್".

ನನ್ನೊಡನೆ ಬಂದಿದ್ದ ದುಭಾಷಿ ಯುವತಿ "ಹತ್ತೊಂಬತ್ತು ವಜ್ರಗಳು" ಎಂದು ಅರ್ಥ ಹೇಳಿದರು, ನಾನೂ ಹಾಗೆಯೇ ಬರೆದುಕೊಂಡೆ. ಹಿರಿಯರಿಗೆ ಏನೋ ಸಂಶಯ ಬಂದಿರಬೇಕು, ಗಡಿಯಾರದ ಹಿಂಬದಿಯ ಮುಚ್ಚಳವನ್ನು ತೆರೆದು, ಭೂತಗನ್ನಡಿಯನ್ನು ನನ್ನ ಕೈಗಿತ್ತರು. ಒಳಗೆ ವಜ್ರ ಒಂದೂ ಇರಲಿಲ್ಲ. ಹಿತ್ತಾಳೆ ಬಣ್ಣದ ಚಕ್ರಗಳ ನಡುವೆ, ದಾಳಿಂಬೆ ಬೀಜದ ಬಣ್ಣದ ಪುಟ್ಟ ಪುಟ್ಟ ಚುಕ್ಕೆಗಳು ಹೊಳೆಯುತ್ತಿದ್ದವು. ಅವೇ ಝುವಾನ್. ಚೀನೀ ಭಾಷೆಯಲ್ಲಿ "ಝುವಾನ್‌ಶಿ" ಎಂದರೆ ವಜ್ರ. ಅದರ ಮೊದಲ ಭಾಗ ಗಡಿಯಾರದವರ ಬಾಯಲ್ಲಿ ಬೇರೆಯದೇ ಪಾರಿಭಾಷಿಕ ಅರ್ಥ ಪಡೆದಿದೆ. ಶಾಂಘೈಯಲ್ಲಿ ತಯಾರಾಗುತ್ತಿದ್ದ ಒಂದು ಗಡಿಯಾರಕ್ಕೆ "ಝುವಾನ್‌ಶಿ" ಎಂದೇ ಹೆಸರಿದ್ದುದರಿಂದ, ಒಂದೇ ಡಯಲ್ಲಿನ ಮೇಲೆ ಒಂದು ಕಡೆ ವಜ್ರ, ಇನ್ನೊಂದು ಕಡೆ ವಜ್ರವಲ್ಲದ ಝುವಾನ್ ಕಾಣುವುದೂ ಉಂಟು.

ಇಂಗ್ಲಿಷಿನಲ್ಲಿ ಇದನ್ನೇ ಜ್ಯುವೆಲ್ ಎನ್ನುತ್ತಾರೆ. ಅದು ನಮಗೆ ಹೊಸತೇನಲ್ಲ. ಬೆಂಗಳೂರಿನಲ್ಲಿ 1961ರಿಂದ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಗಡಿಯಾರ ತಯಾರಿಸತೊಡಗಿದ ಎಚ್‌ಎಂಟಿಯ "ಜನತಾ" ಗಡಿಯಾರದ ಮೇಲೆ "17 ಜ್ಯುವೆಲ್ಸ್" ಎಂಬ ಬರಹವನ್ನು ನಮ್ಮಲ್ಲಿ ಎಷ್ಟೋ ಜನ ಬಾಲ್ಯದಲ್ಲಿ ತಂದೆಯ ಮಣಿಕಟ್ಟಿನ ಮೇಲೆ ಓದಿದ್ದೇವೆ. ಓದಿದೆವೇ ಹೊರತು ಅದಕ್ಕೊಂದು ಕನ್ನಡ ಪದವನ್ನು ಲಿಖಿತ ರೂಪದಲ್ಲಿ ನೆಲೆಗೊಳಿಸಲಿಲ್ಲ.

ಪದವನ್ನು ಆರಿಸುವ ಮುನ್ನ ವಸ್ತುವನ್ನು ಸರಿಯಾಗಿ ತಿಳಿದಿರಬೇಕು. ಗಡಿಯಾರದ ಚಕ್ರಗಳ ಅಚ್ಚಿನ ತುದಿಗಳು ಎಡೆಬಿಡದೆ ತಿರುಗುವಾಗ, ಅವು ಕೂರುವ ರಂಧ್ರ ಲೋಹದ್ದಾಗಿದ್ದರೆ ಬೇಗ ಸವೆಯುತ್ತದೆ. ಆದುದರಿಂದ ಅಲ್ಲಿ ಗಟ್ಟಿಯಾದ, ನುಣುಪಾದ ಕಲ್ಲನ್ನು ಕೂರಿಸಿ, ಅದರ ರಂಧ್ರದಲ್ಲಿ ಅಚ್ಚು ತಿರುಗುವಂತೆ ಮಾಡುತ್ತಾರೆ. ಈ ಉಪಾಯಕ್ಕೆ 1704ರಲ್ಲಿಯೇ ಲಂಡನ್ನಿನಲ್ಲಿ ಪೇಟೆಂಟ್ ಸಿಕ್ಕಿತ್ತು. ಆಗ ಬಳಸುತ್ತಿದ್ದುದು ನಿಜವಾದ ರತ್ನಗಳನ್ನು. ಫ್ರಾನ್ಸಿನ ವೆರ್ನೈ ಎಂಬ ರಸಾಯನವಿಜ್ಞಾನಿ ಮಾಣಿಕ್ಯವನ್ನು ಕೃತಕವಾಗಿ ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ ಮೇಲೆ, ಕೃತಕ ಮಾಣಿಕ್ಯವೇ ಎಲ್ಲೆಡೆ ಬಳಕೆಗೆ ಬಂತು. ಕೈಯಿಂದ ಕೀ ಕೊಡುವ ಸಾಮಾನ್ಯ ಗಡಿಯಾರದಲ್ಲಿ ಹದಿನೇಳರ ಲೆಕ್ಕ ಹೀಗೆ ಕೂಡಿಬರುತ್ತದೆ: ಮಧ್ಯದ ಚಕ್ರ, ಮೂರನೆಯ ಚಕ್ರ, ನಾಲ್ಕನೆಯ ಚಕ್ರ, ಎಸ್ಕೇಪ್ ಚಕ್ರ, ಅದನ್ನು ಒಂದೊಂದೇ ಹಲ್ಲಿನಂತೆ ತಡೆದು ಬಿಡುವ ಪ್ಯಾಲೆಟ್ ಕವೆ, ಅತ್ತಿತ್ತ ತೂಗಾಡಿ ಗಡಿಯಾರದ ವೇಗವನ್ನು ನಿಯಂತ್ರಿಸುವ ಬ್ಯಾಲೆನ್ಸ್ ಚಕ್ರ, ಈ ಆರಕ್ಕೂ ಮೇಲೊಂದು ಕೆಳಗೊಂದು ರಂಧ್ರವುಳ್ಳ ಕಲ್ಲಿನಂತೆ ಹನ್ನೆರಡು, ಬ್ಯಾಲೆನ್ಸಿನ ಎರಡು ತುದಿಗಳಿಗೆ ಮುಚ್ಚಳದಂತೆ ಕೂರುವ ರಂಧ್ರವಿಲ್ಲದವು ಎರಡು, ಪ್ಯಾಲೆಟ್ ಕವೆಯ ಎರಡು ಕೈಗಳ ತುದಿಯಲ್ಲಿ ಎರಡು, ಬ್ಯಾಲೆನ್ಸಿನ ಜೊತೆ ತಿರುಗುತ್ತ ಕವೆಯನ್ನು ತಳ್ಳುವುದು ಒಂದು. ಹನ್ನೆರಡಕ್ಕೆ ರಂಧ್ರವಿದೆ, ಐದಕ್ಕೆ ಇಲ್ಲ. ಪದದ ಆಯ್ಕೆಯಲ್ಲಿ ಈ ಭೇದ ಮುಖ್ಯವೆಂದು ಮುಂದೆ ತಮಗೆ ಕಾಣುತ್ತದೆ.

ನನ್ನ ಮನಸ್ಸಿಗೆ ಮೊದಲು ಬಂದ ಪದ "ಹರಳು". ಉಂಗುರದ ಹರಳು ಎನ್ನುತ್ತೇವೆ, ಆದ್ದರಿಂದ ಅದು ಸಹಜವಾಗಿಯೇ ಹೊಳೆಯುತ್ತದೆ. ಆದರೆ ವಿಜ್ಞಾನದ ಬರಹಗಳಲ್ಲಿ ಹರಳು ಎಂದರೆ ಸ್ಫಟಿಕರೂಪದ ಘನವಸ್ತು. "ಹರಳಿನ ಗಡಿಯಾರ" ಎಂದು ಬರೆದರೆ ಓದುಗರ ಮನಸ್ಸು ಬ್ಯಾಟರಿಯಿಂದ ನಡೆಯುವ, ಕ್ವಾರ್ಟ್ಸ್ ಎಂಬ ಸ್ಫಟಿಕವುಳ್ಳ ಗಡಿಯಾರದ ಕಡೆಗೆ ಹೋಗುವ ಭಯವಿದೆ. ನಾನು ಬರೆಯುತ್ತಿರುವುದು ಅದಕ್ಕೆ ತೀರ ವಿರುದ್ಧವಾದ ಸಂಗತಿ. ಕ್ವಾರ್ಟ್ಸ್ ಬಂದ ಮೇಲೆಯೇ ಈ ಹಳೆಯ ಯಾಂತ್ರಿಕ ಗಡಿಯಾರಗಳ ಕಾಲ ಇಳಿಮುಖವಾದದ್ದು. ಹೀಗಿರುವಾಗ ಎರಡನ್ನೂ ಒಂದೇ ಪದದ ನೆರಳಿಗೆ ತರುವುದು ನನಗೆ ಸರಿಯೆನಿಸುವುದಿಲ್ಲ.

"ಮಣಿ" ಎಂಬ ಪದ ನನ್ನನ್ನು ಬಹಳ ಸೆಳೆಯಿತು. ಮಣಿಗೆ ರತ್ನವೆಂಬ ಅರ್ಥವಿದೆ. ಅದರೊಂದಿಗೆ, ದಾರ ಪೋಣಿಸಲು ನಡುವೆ ತೂತು ಕೊರೆದದ್ದು ಎಂಬ ಚಿತ್ರವೂ ಇದೆ. ಸ್ವಾರಸ್ಯದ ಸಂಗತಿಯೆಂದರೆ, ಝುವಾನ್ ಎಂಬುದಕ್ಕೆ ಬರೆಯುವ ಚೀನೀ ಅಕ್ಷರವೇ ತುಸು ಬೇರೆ ಸ್ವರದಲ್ಲಿ ಉಚ್ಚರಿಸಿದಾಗ "ಕೊರೆ" ಎಂಬ ಕ್ರಿಯಾಪದವಾಗುತ್ತದೆ. ಕೊರೆಯುವಿಕೆಯೂ ರತ್ನವೂ ಎರಡು ಭಾಷೆಗಳಲ್ಲಿ ಹೀಗೆ ಒಂದೇ ಕಡೆ ಸೇರಿರುವುದನ್ನು ಕಂಡು ಒಂದು ಸಂಜೆಯೆಲ್ಲ ಸಂತೋಷಪಟ್ಟೆ. ಆದರೆ ಮೇಲೆ ಹೇಳಿದ ಲೆಕ್ಕದಲ್ಲಿ ಐದಕ್ಕೆ ತೂತೇ ಇಲ್ಲ. ಹದಿನೇಳರಲ್ಲಿ ಹನ್ನೆರಡಕ್ಕೆ ಮಾತ್ರ ಹೊಂದುವ ಪದವನ್ನು ಪಾರಿಭಾಷಿಕವಾಗಿ ಒಪ್ಪುವುದು ಕಷ್ಟ.

ಉಳಿದದ್ದು "ಕಲ್ಲು". ನಮ್ಮೂರಿನ ಬಸ್ ನಿಲ್ದಾಣದ ಎದುರು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ ವಾಚ್ ರಿಪೇರಿಯವರು "ಇದು ಹದಿನೇಳು ಕಲ್ಲಿನ ವಾಚು, ಮಷೀನು ಗಟ್ಟಿ" ಎಂದು ನನ್ನ ತಂದೆಗೆ ಹೇಳಿದ್ದು ನನಗೆ ನೆನಪಿದೆ. ಕನ್ನಡದ ಜಾಯಮಾನಕ್ಕೆ ಇದು ಎಷ್ಟು ಹೊಂದುತ್ತದೆ ಎಂಬುದನ್ನು ನೋಡಬೇಕು. "ಏಳು ಕಲ್ಲಿನ ಬೆಂಡೋಲೆ" ಎನ್ನುತ್ತೇವೆ. ಒಡವೆಯನ್ನು ಅದರ ಕಲ್ಲುಗಳ ಎಣಿಕೆಯಿಂದ ಗುರುತಿಸುವ ರೂಢಿ ನಮ್ಮಲ್ಲಿ ಬೇರೂರಿದೆ. "ಹದಿನೇಳು ಕಲ್ಲಿನ ವಾಚು" ಅದೇ ಅಚ್ಚಿನಲ್ಲಿ ಎರಕಗೊಂಡ ಮಾತು. ತೂತಿರಲಿ, ಇಲ್ಲದಿರಲಿ, ನಿಜವಾದ ಮಾಣಿಕ್ಯವಿರಲಿ, ಕೃತಕವಿರಲಿ, ಕಲ್ಲು ಎಲ್ಲವನ್ನೂ ಒಳಗೊಳ್ಳುತ್ತದೆ. ಇದರಲ್ಲಿ ನನಗೆ ಕಾಣುವ ತೊಡಕು ಒಂದೇ: ಹಿನ್ನೆಲೆ ತಿಳಿಯದ ಓದುಗರು, ಬೆಂಡೋಲೆಯಲ್ಲಿರುವಂತೆ ಕಲ್ಲುಗಳನ್ನು ಗಡಿಯಾರದ ಮೇಲ್ಮೈಯಲ್ಲಿ ಅಲಂಕಾರಕ್ಕೆ ಕೂರಿಸಿದ್ದಾರೆಂದು ಭಾವಿಸಬಹುದು. "ಒಳಗಲ್ಲು" ಎಂದು ಸಮಾಸ ಮಾಡಿದರೆ ಈ ತೊಡಕು ನೀಗುತ್ತದೆಯೇ ಎಂದು ಯೋಚಿಸುತ್ತಿದ್ದೇನೆ. ನನ್ನ ಒಲವು ಸದ್ಯಕ್ಕೆ ಸಾದಾ "ಕಲ್ಲು" ಎಂಬುದರ ಕಡೆಗೇ ಇದೆ.

ಇದೇ ಭೇಟಿಯಲ್ಲಿ ಕೇಳಿದ ಇನ್ನೆರಡು ಪದಗಳನ್ನೂ ಸೇರಿಸುತ್ತೇನೆ. ಗಡಿಯಾರದ ಕವಚವೂ ಹಿಂಬದಿಯ ಮುಚ್ಚಳವೂ ಉಕ್ಕಿನದಾಗಿದ್ದರೆ ಚೀನೀಯರು ಅದನ್ನು "ಪೂರ್ಣ ಉಕ್ಕು" ಎನ್ನುತ್ತಾರೆ. ಮುಚ್ಚಳ ಮಾತ್ರ ಉಕ್ಕಿನದಾಗಿದ್ದರೆ "ಅರೆ ಉಕ್ಕು". ಇವನ್ನು ಹೀಗೆಯೇ ಕನ್ನಡಕ್ಕೆ ತಂದರೆ ಅರೆ ಉಕ್ಕು ಎಂಬುದು ಕಲಬೆರಕೆ ಲೋಹವೆಂದು ತೋರುತ್ತದೆ. ಆದ್ದರಿಂದ "ಉಕ್ಕಿನ ಮುಚ್ಚಳದ್ದು" ಎಂದು ಬಿಡಿಸಿ ಬರೆದಿದ್ದೇನೆ. ಇನ್ನೊಂದು, ಕೀ ಕೊಡುವುದಕ್ಕೆ ಅವರು ಬಳಸುವ "ಶಾಂಗ್ ಶ್ಯೆನ್" ಎಂಬ ಮಾತು. ಅದರ ಮೂಲಾರ್ಥ ಬಿಲ್ಲಿಗೆ ಹೆದೆಯೇರಿಸುವುದು. ಹಿರಿಯರು ಒಂದೊಂದೇ ಗಡಿಯಾರವನ್ನು ಕೈಗೆತ್ತಿಕೊಂಡು, ಬೆರಳ ತುದಿಯಿಂದ ನಾಲ್ಕೈದು ಸುತ್ತು ತಿರುಗಿಸಿ, ಕಿವಿಯ ಬಳಿ ಹಿಡಿದು ಆಲಿಸಿ ಮತ್ತೆ ಇಡುತ್ತಿದ್ದರು. ಆ ಕ್ರಿಯೆಗೆ "ಹೆದೆಯೇರಿಸಿದರು" ಎಂದು ಬರೆಯಬೇಕೆಂಬ ಆಸೆ ನನಗೆ ಬಹಳವಾಗಿತ್ತು. ಆದರೆ ಕನ್ನಡದ ಓದುಗರಿಗೆ ಆ ಮಾತು ಸೀತಾ ಸ್ವಯಂವರವನ್ನು ನೆನಪಿಗೆ ತರುತ್ತದೆಯೇ ಹೊರತು ಗಡಿಯಾರವನ್ನಲ್ಲ. "ಕೀ ಕೊಟ್ಟರು" ಎಂದೇ ಉಳಿಸಿಕೊಂಡಿದ್ದೇನೆ.

ಸದಸ್ಯರಲ್ಲಿ ನನ್ನ ಪ್ರಶ್ನೆಗಳು ಇವು. ತಮ್ಮ ಊರುಗಳ ಗಡಿಯಾರ ರಿಪೇರಿಯವರು ಇದಕ್ಕೆ "ಕಲ್ಲು" ಎಂದೇ ಹೇಳುತ್ತಿದ್ದರೇ, ಅಥವಾ ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ಬೇರೆ ಮಾತು ಬಳಕೆಯಲ್ಲಿತ್ತೇ? ಎಚ್‌ಎಂಟಿ ಕಾರ್ಖಾನೆಯಲ್ಲಿ ದುಡಿದವರು ತಮ್ಮ ಬಂಧುಮಿತ್ರರಲ್ಲಿ ಇದ್ದರೆ, ಗಡಿಯಾರವನ್ನು ಜೋಡಿಸುವ ಕಡೆ ಅವರು ಪರಸ್ಪರ ಏನೆಂದು ಹೇಳಿಕೊಳ್ಳುತ್ತಿದ್ದರು ಎಂಬುದನ್ನು ದಯವಿಟ್ಟು ಕೇಳಿ ತಿಳಿಸಬೇಕು. ತೂತುಳ್ಳ ಹನ್ನೆರಡಕ್ಕೂ ತೂತಿಲ್ಲದ ಐದಕ್ಕೂ ಅವರು ಬೇರೆಬೇರೆ ಹೆಸರುಗಳನ್ನು ಬಳಸುತ್ತಿದ್ದರೆ, ಆ ಹೆಸರುಗಳು ನನಗೆ ಬೇಕು.